ಗದರಿಕೆಗೆ ಮೊದಲಿನ ಕೆಲಸ: ಗಡಿನಾಡಿನ ಕನ್ನಡ ತರಗತಿಯಲ್ಲಿ ಮಕ್ಕಳ ವರ್ತನೆಯನ್ನು ರೂಪಿಸುವ ಬಗೆ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ತರಗತಿಯೊಂದರಲ್ಲಿ ಒಂದೇ ಬೆಂಚಿನ ಮೇಲೆ ತುಳು ಮನೆಮಾತಿನ ಮಗು, ಮಲಯಾಳವನ್ನೋ ಬ್ಯಾರಿಯನ್ನೋ ಆಡುವ ಮಗು, ಹವ್ಯಕ ಕನ್ನಡದ ಮಗು, ಕೊಂಕಣಿ ಇಲ್ಲವೇ ಮರಾಠಿಯ ಮಗು ಜೊತೆಯಾಗಿ ಕುಳಿತಿರುವುದು ಸಾಮಾನ್ಯ. ಪಾಠಪುಸ್ತಕದ ಕನ್ನಡ ಇವರಲ್ಲಿ ಹೆಚ್ಚಿನವರ ಮನೆಯ ಮಾತಲ್ಲ. ಇಂಥ ತರಗತಿಯಲ್ಲಿ ಗದ್ದಲವೆದ್ದರೆ ನಾವು ಅಧ್ಯಾಪಕರು ಅದನ್ನು ಅಶಿಸ್ತು ಎಂದು ಕರೆದು ಮುಗಿಸಿಬಿಡುತ್ತೇವೆ. ಗದ್ದಲ ಯಾವ ಹೊತ್ತಿನಲ್ಲಿ, ಯಾವ ಮೂಲೆಯಿಂದ ಶುರುವಾಗುತ್ತದೆ ಎಂಬುದನ್ನು ಒಂದು ವಾರ ಗಮನಿಸಿ ನೋಡಿದರೆ, ಅದರ ಬಹುಪಾಲು ಹುಟ್ಟುವುದು ಮಾಡಬೇಕಾದುದೇನೆಂದು ಮಗುವಿಗೆ ತಿಳಿಯದಿದ್ದಾಗ, ಇಲ್ಲವೇ ಮಾಡಲು ಏನೂ ಇಲ್ಲದಿದ್ದಾಗ ಎಂಬುದು ಕಾಣುತ್ತದೆ. ಈ ಎರಡನ್ನೂ ಸರಿಪಡಿಸುವುದು ಅಧ್ಯಾಪಕರ ಕೈಯಲ್ಲಿದೆ. ಗದರಿಕೆಯ ಸರದಿ ಅದಾದ ನಂತರ, ಅದೂ ಬಹಳ ಕಡಿಮೆ ಸಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ತರಗತಿಗಳನ್ನು ವೀಡಿಯೋದಲ್ಲಿ ದಾಖಲಿಸಿ ಅಧ್ಯಯನ ಮಾಡಿ 1970ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ ದಿಕ್ಕಿನದು. ತಪ್ಪು ನಡೆದ ಮೇಲೆ ಅಧ್ಯಾಪಕರು ಏನು ಮಾಡುತ್ತಾರೆ ಎಂಬುದರಲ್ಲಿ ಒಳ್ಳೆಯ ತರಗತಿಗೂ ಹದಗೆಟ್ಟ ತರಗತಿಗೂ ಅವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ವ್ಯತ್ಯಾಸ ಕಂಡದ್ದು ತಪ್ಪಿಗೆ ಎಡೆಯೇ ಸಿಗದಂತೆ ಅವರು ಮೊದಲೇ ಮಾಡಿಕೊಂಡ ಏರ್ಪಾಡಿನಲ್ಲಿ, ಕೋಣೆಯ ಎಲ್ಲ ಮೂಲೆಗಳ ಮೇಲೆ ಸದಾ ಇರಿಸಿದ ಕಣ್ಣಿನಲ್ಲಿ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಏರ್ಪಾಡಿನ ಸುತ್ತಲೇ ಇವೆ. ಎಲ್.ಪಿ. (ಕಿರಿಯ ಪ್ರಾಥಮಿಕ) ಮತ್ತು ಯು.ಪಿ. (ಹಿರಿಯ ಪ್ರಾಥಮಿಕ) ತರಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೈಸ್ಕೂಲಿಗೆ ಹೊಂದಿಸಿಕೊಳ್ಳಬೇಕಾದ ಮಾತನ್ನು ಅಲ್ಲಲ್ಲಿ ಸೇರಿಸಿದ್ದೇನೆ.

ಬೆತ್ತದ ಕುರಿತು ಒಂದು ಮಾತನ್ನು ಮೊದಲೇ ಹೇಳಿ ಮುಂದುವರಿಯುವುದು ಒಳ್ಳೆಯದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ವಿಧಿ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮ ಕೈಗೊಳ್ಳಬೇಕೆಂದೂ ಅದೇ ವಿಧಿ ಹೇಳುತ್ತದೆ. ಬಿಸಿಲಿಗೆ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ಜಾತಿ, ಮನೆತನ, ಕಾಲನಿಯ ಹೆಸರು ಹಿಡಿದು ಹೀಯಾಳಿಸುವುದು, ಇಡೀ ತರಗತಿಯ ಮುಂದೆ ದಡ್ಡನೆಂದು ಜರೆಯುವುದು, ಇವಾವುವೂ ಬೆತ್ತಕ್ಕೆ ಬದಲಿ ದಾರಿಗಳಲ್ಲ. "ನಾಲ್ಕು ಬಿಗಿದರೂ ಪರವಾಗಿಲ್ಲ ಟೀಚರ್, ಅವನು ಸರಿಯಾದರೆ ಸಾಕು" ಎಂದು ಹೆತ್ತವರೇ ಅನುಮತಿ ಕೊಡುವ ಊರು ನಮ್ಮದು. ಆ ಅನುಮತಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಕಾನೂನಿನ ಮಾತನ್ನು ಬದಿಗಿಟ್ಟರೂ, ಪೆಟ್ಟು ತಿಂದ ಮಗು ಕಲಿಯುವುದು ಆ ಅಧ್ಯಾಪಕರ ಪಿರಿಯಡಿನಲ್ಲಿ ಸುಮ್ಮನಿರುವುದನ್ನು ಮಾತ್ರ. ಬೆತ್ತ ಹಿಡಿಯದವರ ಪಿರಿಯಡಿನಲ್ಲಿ ಅದೇ ಮಗು ಅದರ ಬಾಕಿಯನ್ನೂ ತೀರಿಸುತ್ತದೆ.

ಮೊದಲ ಹೆಜ್ಜೆ: ಶಾಲೆ ತೆರೆಯುವ ಮೊದಲು ಕೋಣೆಯನ್ನು ಸಿದ್ಧಪಡಿಸಿ

ಪ್ರವೇಶೋತ್ಸವದ ತೋರಣ ಕಟ್ಟುವ ದಿನವೇ ತರಗತಿಯೊಳಗೊಮ್ಮೆ ನಡೆದು ನೋಡಿ. ಪ್ರತಿಯೊಂದು ಬೆಂಚಿನ ಬಳಿಗೂ ನೀವು ಯಾರನ್ನೂ ಎಬ್ಬಿಸದೆ ತಲುಪಬಲ್ಲಿರಾ? ಗೋಡೆಗೆ ಒತ್ತಿ ಹಾಕಿದ ಹಿಂದಿನ ಮೂಲೆಯ ಬೆಂಚಿಗೆ ದಾರಿಯೇ ಇಲ್ಲದಿದ್ದರೆ, ವರ್ಷವಿಡೀ ತಂಟೆ ಅಲ್ಲಿಂದಲೇ ಏಳುತ್ತದೆ. ಎರಡು ಸಾಲುಗಳ ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಡಿಸಿಕೊಳ್ಳಿ. ಬೋರ್ಡಿನ ಮೇಲೆ ಕಿಟಕಿಯ ಬೆಳಕು ಬಿದ್ದು ಅಕ್ಷರ ಕಾಣದ ಬೆಂಚು ಯಾವುದೆಂದು ಕುಳಿತೇ ನೋಡಿ. ಅಲ್ಲಿರುವ ಮಗು ಪಕ್ಕದವನ ಪುಸ್ತಕಕ್ಕೆ ಬಗ್ಗುವುದು ನಕಲು ಮಾಡುವುದಕ್ಕಲ್ಲ, ಬೋರ್ಡು ಕಾಣದಿರುವುದಕ್ಕೆ.

ಇನ್ನು ಕೊಡೆಗಳ ವಿಷಯ. ಹೊಸಬರಿಗೆ ಇದು ಕ್ಷುಲ್ಲಕವೆಂದು ತೋರೀತು, ಆದರೆ ಜೂನ್ ಜುಲೈ ತಿಂಗಳುಗಳಲ್ಲಿ ಬೆಳಗಿನ ಮೊದಲ ಜಗಳ ನಡೆಯುವುದು ಕೊಡೆಯ ಬಳಿಯಲ್ಲೇ. ನೀರು ಸೋರುವ ಮೂವತ್ತು ಕೊಡೆಗಳು, ಅವುಗಳಲ್ಲಿ ಹೆಚ್ಚಿನವು ಒಂದೇ ಬಣ್ಣದವು. ಜಗಲಿಯ ಮೂಲೆಯಲ್ಲಿ ರಾಶಿ ಹಾಕಿದರೆ ಸಂಜೆ ನಾಲ್ಕಕ್ಕೆ ನೂಕಾಟ ಖಚಿತ. ಜಗಲಿಯ ಗೋಡೆಗೆ ಉದ್ದಕ್ಕೆ ಹಗ್ಗವನ್ನೋ ಅಡಿಕೆ ಸಲಾಕೆಯನ್ನೋ ಕಟ್ಟಿ, ಹಾಜರಿ ಪಟ್ಟಿಯ ಸಂಖ್ಯೆಗಳನ್ನು ಅಂಟಿಸಿ, ಪ್ರತಿ ಸಂಖ್ಯೆಯ ಕೆಳಗೆ ಒಂದು ಕೊಡೆ ಎಂದು ನಿಗದಿಪಡಿಸಿದರೆ ಜಗಳ ಅಲ್ಲಿಗೇ ನಿಲ್ಲುತ್ತದೆ. ಊಟದ ಬಟ್ಟಲು, ನೀರಿನ ಬಾಟಲಿ, ಚೀಲ ಇವುಗಳಿಗೂ ಹಾಗೆಯೇ ಜಾಗ ಬೇಕು. ವಸ್ತುವಿಗೆ ನೆಲೆಯಿದ್ದಲ್ಲಿ ಮಾತಿನ ಚಕಮಕಿ ಅರ್ಧ ಇಳಿಯುತ್ತದೆ.

ಇದೇ ದಿನಗಳಲ್ಲಿ ಮಕ್ಕಳ ಹೆಸರಿನ ಪಟ್ಟಿ ಹಿಡಿದು ಪ್ರತಿ ಹೆಸರಿನ ಎದುರು ಮನೆಮಾತು, ಶಾಲೆಗೆ ಬರುವ ದಾರಿ, ಮನೆಯಲ್ಲಿ ಕರೆಯುವ ಹೆಸರು ಇಷ್ಟನ್ನು ಬರೆದುಕೊಳ್ಳಿ. ಕಳೆದ ವರ್ಷದ ಅಧ್ಯಾಪಕರನ್ನು ಕೇಳಿದರೆ ಅರ್ಧದಷ್ಟು ವಿವರ ಸಿಗುತ್ತದೆ. ಯಾರು ಪೋಕರಿ ಎಂದು ಮಾತ್ರ ಕೇಳಬೇಡಿ. ಅವರು ಕೇಳದೆಯೇ ಹೇಳುತ್ತಾರೆ, ನೀವು ಅದನ್ನು ಬರೆದುಕೊಳ್ಳದಿದ್ದರಾಯಿತು.

ಎರಡನೆಯ ಹೆಜ್ಜೆ: ಮೊದಲ ಎರಡು ವಾರ ಪಾಠಕ್ಕಿಂತ ರೂಢಿಗೆ ಹೆಚ್ಚು ಹೊತ್ತು ಕೊಡಿ

ನಿಯಮಗಳು ನಾಲ್ಕು ಅಥವಾ ಐದು ಇದ್ದರೆ ಸಾಕು. ಹತ್ತು ನಿಯಮಗಳ ಚಾರ್ಟು ಗೋಡೆಯನ್ನು ಅಲಂಕರಿಸುತ್ತದೆಯೇ ಹೊರತು ಮಕ್ಕಳ ನೆನಪಿನಲ್ಲಿ ಉಳಿಯುವುದಿಲ್ಲ. ಪ್ರತಿಯೊಂದು ನಿಯಮವೂ ಮಾಡಬೇಕಾದುದನ್ನು ಹೇಳಲಿ. "ಗಲಾಟೆ ಮಾಡಬಾರದು" ಎಂಬ ಮಾತಿನಿಂದ ಆರು ವರ್ಷದ ಮಗುವಿಗೆ ತಾನೇನು ಮಾಡಬೇಕೆಂದು ತಿಳಿಯುವುದಿಲ್ಲ. "ಒಬ್ಬರು ಮಾತನಾಡುವಾಗ ಉಳಿದವರು ಕೇಳುತ್ತೇವೆ" ಎಂದರೆ ತಿಳಿಯುತ್ತದೆ. "ಮಾತನಾಡಬೇಕೆನಿಸಿದರೆ ಕೈ ಎತ್ತುತ್ತೇವೆ", "ಕೈಕಾಲುಗಳನ್ನು ನಮ್ಮ ಬಳಿಯೇ ಇಟ್ಟುಕೊಳ್ಳುತ್ತೇವೆ", "ಇನ್ನೊಬ್ಬರ ವಸ್ತುವನ್ನು ಕೇಳಿ ತೆಗೆದುಕೊಳ್ಳುತ್ತೇವೆ" ಮುಂತಾದವು ಕಣ್ಣಿಗೆ ಕಾಣುವ ನಡತೆಗಳು, ಆದ್ದರಿಂದ ಪಾಲನೆಯಾಯಿತೋ ಇಲ್ಲವೋ ಎಂಬ ಬಗ್ಗೆ ವಾದವೂ ಹುಟ್ಟುವುದಿಲ್ಲ. ಯು.ಪಿ. ಮತ್ತು ಹೈಸ್ಕೂಲಿನ ಮಕ್ಕಳಾದರೆ ನಿಯಮಗಳನ್ನು ಅವರಿಂದಲೇ ಹೇಳಿಸಿ, ಚರ್ಚಿಸಿ, ಸಹಿ ಹಾಕಿಸಿಕೊಳ್ಳುವುದು ಒಳ್ಳೆಯ ಕ್ರಮ. ಮಕ್ಕಳಿಗೆ ಬಿಟ್ಟುಕೊಟ್ಟರೆ ಅವರು ನಮಗಿಂತ ಕಠಿಣ ನಿಯಮಗಳನ್ನೂ ಘೋರ ಶಿಕ್ಷೆಗಳನ್ನೂ ಸೂಚಿಸುತ್ತಾರೆ ಎಂಬುದು ನೆನಪಿರಲಿ; ಅವನ್ನು ಸಡಿಲಗೊಳಿಸುವ ಕೆಲಸ ನಮ್ಮದು.

ನಿಯಮಕ್ಕಿಂತ ಮುಖ್ಯವಾದುದು ರೂಢಿ. ತರಗತಿಗೆ ಬರುವುದು, ಚೀಲ ಇಡುವುದು, ಪುಸ್ತಕ ಹಂಚುವುದು, ನೀರು ಕುಡಿಯಲು ಮತ್ತು ಶೌಚಾಲಯಕ್ಕೆ ಹೋಗಲು ಅನುಮತಿ ಕೇಳುವುದು, ಗುಂಪಾಗಿ ಕುಳಿತುಕೊಳ್ಳುವುದು, ಬೆಲ್ಲಾದಾಗ ಹೊರಡುವುದು, ಹೀಗೆ ದಿನಕ್ಕೆ ಹಲವು ಸಲ ಬರುವ ಪ್ರತಿಯೊಂದು ಕೆಲಸಕ್ಕೂ ಒಂದೇ ಕ್ರಮ ಇರಬೇಕು, ಮತ್ತು ಆ ಕ್ರಮವನ್ನು ಪಾಠ ಕಲಿಸಿದ ಹಾಗೆಯೇ ಕಲಿಸಬೇಕು. ಮೊದಲು ನೀವೇ ಮಾಡಿ ತೋರಿಸಿ. ಬಳಿಕ ಒಂದಿಬ್ಬರು ಮಕ್ಕಳಿಂದ ಮಾಡಿಸಿ. ತಪ್ಪಾಗಿ ಮಾಡಿದರೆ ಹೇಗಿರುತ್ತದೆ ಎಂಬುದನ್ನು ನೀವೇ ಅಭಿನಯಿಸಿ (ಮಕ್ಕಳು ಇದನ್ನು ಬಹಳ ಇಷ್ಟಪಡುತ್ತಾರೆ, ಆದರೆ ತಪ್ಪಿನ ಪಾತ್ರವನ್ನು ಅವರಿಗೆ ಕೊಡಬೇಡಿ). ಕೊನೆಗೆ ಇಡೀ ತರಗತಿಯಿಂದ ಮಾಡಿಸಿ. ನಾಲ್ಕು ಜನರ ಗುಂಪಾಗಿ ಬೆಂಚು ತಿರುಗಿಸಿ ಕುಳಿತುಕೊಳ್ಳುವ ಕೆಲಸವನ್ನು ಅಭ್ಯಾಸ ಮಾಡಿಸದೆ ಗುಂಪು ಚಟುವಟಿಕೆಗೆ ಇಳಿದವರಿಗೆ ಅರ್ಧ ಪಿರಿಯಡು ಬೆಂಚು ಎಳೆಯುವ ಸದ್ದಿನಲ್ಲೇ ಕಳೆದುಹೋಗುತ್ತದೆ. ಮೂರು ನಾಲ್ಕು ಸಲ ಅಭ್ಯಾಸವಾದ ತರಗತಿ ಅದೇ ಕೆಲಸವನ್ನು ಒಂದು ನಿಮಿಷದೊಳಗೆ ಮುಗಿಸುತ್ತದೆ.

ತರಗತಿಯ ಗಮನ ಸೆಳೆಯಲು ಒಂದು ಸಂಜ್ಞೆಯನ್ನು ಈ ವಾರಗಳಲ್ಲೇ ಬಳಕೆಗೆ ತನ್ನಿ. ಮೇಜು ಬಡಿಯುವುದು, "ಸೈಲೆನ್ಸ್" ಎಂದು ಕೂಗುವುದು ಎರಡೂ ಗದ್ದಲಕ್ಕೆ ಗದ್ದಲ ಸೇರಿಸುವ ಉಪಾಯಗಳು. ತಗಡಿನ ಮಾಡಿನ ಮೇಲೆ ಮಳೆ ಜಡಿಯುವಾಗ ಯಾವ ಕಂಠವೂ ಹಿಂದಿನ ಬೆಂಚಿಗೆ ತಲುಪುವುದಿಲ್ಲ, ಆದ್ದರಿಂದ ಕಣ್ಣಿಗೆ ಕಾಣುವ ಸಂಜ್ಞೆಯೇ ನಮ್ಮ ಜಿಲ್ಲೆಗೆ ಹೊಂದುತ್ತದೆ. ಕೈ ಎತ್ತಿ ನಿಲ್ಲಿ. ಕಂಡವರು ಕೈ ಎತ್ತಿ ಮಾತು ನಿಲ್ಲಿಸಲಿ, ಅವರನ್ನು ಕಂಡು ಉಳಿದವರೂ ಹಾಗೆಯೇ ಮಾಡಲಿ. ಎಲ್ಲ ಕೈಗಳೂ ಏಳುವ ತನಕ ಒಂದು ಮಾತನ್ನೂ ಆಡಬೇಡಿ. ಅರ್ಧ ತರಗತಿ ಕೇಳುತ್ತಿರುವಾಗ ಮಾತು ಶುರುಮಾಡಿದರೆ, ಉಳಿದರ್ಧ ಕೇಳದಿದ್ದರೂ ನಡೆಯುತ್ತದೆ ಎಂಬುದನ್ನು ನೀವೇ ಕಲಿಸಿದಂತಾಯಿತು.

ಮೂರನೆಯ ಹೆಜ್ಜೆ: ಸೂಚನೆ ಅರ್ಥವಾಗಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿ

ಗಡಿನಾಡಿನ ತರಗತಿಯಲ್ಲಿ ಅತ್ಯಂತ ಹೆಚ್ಚು ಎಚ್ಚರ ಬೇಕಾದುದು ಇಲ್ಲಿಯೇ. "ಪುಟ ತಿರುವಿ ಮೂರನೆಯ ಚಟುವಟಿಕೆಯ ಕೋಷ್ಟಕವನ್ನು ಟಿಪ್ಪಣಿ ಪುಸ್ತಕದಲ್ಲಿ ಪೂರ್ತಿಗೊಳಿಸಿ, ಬಳಿಕ ಜೊತೆಯವರೊಂದಿಗೆ ಹೋಲಿಸಿ" ಎಂದು ಒಂದೇ ಉಸಿರಿನಲ್ಲಿ ಹೇಳಿದ ಸೂಚನೆಯಲ್ಲಿ ನಾಲ್ಕು ಕೆಲಸಗಳಿವೆ. ಮನೆಯಲ್ಲಿ ಕನ್ನಡ ಆಡದ ಎರಡನೇ ತರಗತಿಯ ಮಗು ಅದರಲ್ಲಿ ಮೊದಲನೆಯದನ್ನು ಹಿಡಿದು ಪುಟ ತಿರುವುತ್ತದೆ, ಆಮೇಲೆ ಪಕ್ಕದವನನ್ನು ಕೇಳುತ್ತದೆ. ಅಧ್ಯಾಪಕರ ಕಣ್ಣಿಗೆ ಅದು ಮಾತನಾಡುತ್ತಿರುವ ಮಗು. ನಿಜದಲ್ಲಿ ಅದು ಕೆಲಸ ಮಾಡಲು ಹೆಣಗುತ್ತಿರುವ ಮಗು. ಅದನ್ನೇ ಎಬ್ಬಿಸಿ ನಿಲ್ಲಿಸಿದರೆ ಮುಂದಿನ ಸಲ ಕೇಳುವುದನ್ನೂ ಬಿಟ್ಟು ಪೆನ್ಸಿಲಿನಿಂದ ಡೆಸ್ಕು ಕೊರೆಯುತ್ತ ಕುಳಿತುಕೊಳ್ಳುತ್ತದೆ.

ಆದ್ದರಿಂದ ಸೂಚನೆಯನ್ನು ಒಂದೊಂದಾಗಿ ಕೊಡಿ, ಕೊಟ್ಟುದನ್ನು ಬೋರ್ಡಿನ ಎಡಬದಿಯಲ್ಲಿ 1, 2, 3 ಎಂದು ಬರೆಯಿರಿ, ಚಿಕ್ಕ ಮಕ್ಕಳಿಗಾದರೆ ಪುಸ್ತಕ, ಪೆನ್ಸಿಲು, ಕಿವಿ ಇವುಗಳ ಚಿತ್ರ ಬಿಡಿಸಿ. "ಅರ್ಥವಾಯಿತೇ?" ಎಂದು ಕೇಳಬೇಡಿ, ಏಕೆಂದರೆ ಅದಕ್ಕೆ "ಆಯಿತು ಟೀಚರ್" ಎಂಬ ಒಕ್ಕೊರಲ ಉತ್ತರವಲ್ಲದೆ ಬೇರೇನೂ ಬರುವುದಿಲ್ಲ. ಅದರ ಬದಲಿಗೆ ಒಂದು ಮಗುವಿನಿಂದ ಸೂಚನೆಯನ್ನು ಅದರದೇ ಮಾತಿನಲ್ಲಿ ಹೇಳಿಸಿ. ಅದು ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದರೂ ತಡೆಯಬೇಡಿ. ಕೇಳುತ್ತಿರುವ ಇನ್ನಿಬ್ಬರಿಗೆ ಆಗಲೇ ವಿಷಯ ತಲುಪಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಬೇರೆ ಮಾತು ಕೇಳಿಬಂದರೆ ಕನ್ನಡ ಸೋತಿತೆಂದು ಭಾವಿಸುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮನೆಮಾತಿನಲ್ಲಿ ನೆಲೆನಿಂತ ಮಗುವಿಗೆ ಕನ್ನಡ ಬೇಗ ಒಲಿಯುತ್ತದೆ, ಹೆದರಿ ಬಾಯಿ ಮುಚ್ಚಿದ ಮಗುವಿಗೆ ಯಾವ ಭಾಷೆಯೂ ಒಲಿಯುವುದಿಲ್ಲ. ಮನೆಯಲ್ಲಿ ಬೇರೆ ನುಡಿಯಾಡುವ ಮಗು ಅಧ್ಯಾಪಕರನ್ನು ಏಕವಚನದಲ್ಲಿ ಮಾತನಾಡಿಸಿದರೂ ಅದನ್ನು ಉದ್ಧಟತನವೆಂದು ಎಣಿಸದೆ, ಸರಿಯಾದ ರೂಪವನ್ನು ಒಮ್ಮೆ ಹೇಳಿಕೊಟ್ಟು ಮುಂದುವರಿಯಬೇಕು.

ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗಳಿಗೆ ನೇಮಕವಾಗುವುದು ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ಹೋರಾಟಕ್ಕೆ ಕಾರಣವಾದ ಪ್ರಶ್ನೆ. ಅದರ ಪರಿಹಾರ ಈ ಲೇಖನದ ಅಳವಿಗೆ ಮೀರಿದ್ದಾದರೂ, ಅಂಥ ತರಗತಿಯಲ್ಲಿ ಏಳುವ ಗಲಾಟೆಗೆ ಮಕ್ಕಳ ನಡತೆಯನ್ನು ದೂರುವುದು ಅನ್ಯಾಯ ಎಂಬಷ್ಟನ್ನು ಹೇಳಲೇಬೇಕು.

ಪ್ರಶ್ನೆ ಕೇಳಿದ ಮೇಲೆ ಕಾಯುವ ಅಭ್ಯಾಸವೂ ಇದಕ್ಕೇ ಸೇರಿದ್ದು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ, ಅಧ್ಯಾಪಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಆ ಬಿಡುವನ್ನು 3 ಸೆಕೆಂಡಿಗೆ ಹಿಗ್ಗಿಸಿದರೆ ಉತ್ತರಗಳು ಉದ್ದವಾಗುವುದಲ್ಲದೆ ಉತ್ತರಿಸುವ ಮಕ್ಕಳ ಸಂಖ್ಯೆಯೂ ಹೆಚ್ಚುತ್ತದೆಂದೂ ತೋರಿಸಿದರು. ಮನೆಮಾತಿನಲ್ಲಿ ಯೋಚಿಸಿ ಕನ್ನಡದಲ್ಲಿ ಉತ್ತರಿಸಬೇಕಾದ ಮಗುವಿಗೆ 5 ಸೆಕೆಂಡು ಕೊಟ್ಟರೂ ಹೆಚ್ಚಲ್ಲ. ಉತ್ತರಿಸುವ ಸರದಿ ತನಗೂ ಬರುತ್ತದೆ ಎಂದು ಗೊತ್ತಿರುವ ಮಗು ಕಿಟಕಿಯಾಚೆ ನೋಡುವುದು ಕಡಿಮೆ.

ನಾಲ್ಕನೆಯ ಹೆಜ್ಜೆ: ದಿನದ ಇಕ್ಕಟ್ಟಿನ ಗಳಿಗೆಗಳನ್ನು ಗುರುತಿಸಿಕೊಳ್ಳಿ

ದಿನವಿಡೀ ಒಂದೇ ಸಮನೆ ಗದ್ದಲವಿರುವುದಿಲ್ಲ. ಪಿರಿಯಡು ಬದಲಾಗುವ ಹೊತ್ತು, ಊಟಕ್ಕೆ ಮೊದಲಿನ ಕಾಲು ಗಂಟೆ, ಊಟದ ನಂತರದ ಮೊದಲ ಪಿರಿಯಡು, ಕೊನೆಯ ಬೆಲ್ಲಿಗೆ ಮುಂಚಿನ ಹತ್ತು ನಿಮಿಷ, ಇಷ್ಟು ಕಡೆ ಸಿದ್ಧತೆಯಿದ್ದರೆ ಉಳಿದ ಹೊತ್ತು ಬಹುತೇಕ ತಾನಾಗಿಯೇ ನಡೆಯುತ್ತದೆ.

ನೀವು ತರಗತಿಗೆ ಕಾಲಿಡುವಾಗಲೇ ಮಕ್ಕಳ ಕೈಗೆ ಕೆಲಸ ಸಿಗುವಂತಿರಬೇಕು. ಹಿಂದಿನ ದಿನದ ಪಾಠದಿಂದ ಎರಡು ಲೆಕ್ಕ, ಐದು ಪದ, ಇಲ್ಲವೇ ಒಂದು ಚಿತ್ರಕ್ಕೆ ಎರಡು ವಾಕ್ಯ ಬೋರ್ಡಿನ ಮೇಲೆ ಇದ್ದರೆ, ಹಾಜರಿ ಕರೆದು, ಬಾರದವರನ್ನು ವಿಚಾರಿಸಿ, ಹಾಲು ಮೊಟ್ಟೆಯ ಲೆಕ್ಕ ಬರೆಯುವ ತನಕ ತರಗತಿ ಕಾಯುತ್ತ ಕೂರಬೇಕಾಗಿಲ್ಲ. ಕಾಯುವ ಮಕ್ಕಳೇ ತಂಟೆ ಮಾಡುವ ಮಕ್ಕಳು. ಅದೇ ರೀತಿ ಕೆಲಸ ಬೇಗ ಮುಗಿಸಿದವರಿಗೆ ಮುಂದೇನು ಎಂಬುದು ಮೊದಲೇ ನಿಶ್ಚಯವಾಗಿರಲಿ. ಓದುವ ಮೂಲೆಯ ಪುಸ್ತಕವಿರಬಹುದು, ಹಿಂದುಳಿದವರಿಗೆ ಸಹಾಯವಿರಬಹುದು.

ಊಟಕ್ಕೆ ಮೊದಲಿನ ಪಿರಿಯಡಿನಲ್ಲಿ ಸ್ಟೀಲು ಬಟ್ಟಲುಗಳು ಚೀಲದಿಂದ ಹೊರಬರುವ ಸದ್ದು ಎಲ್ಲ ಅಧ್ಯಾಪಕರಿಗೂ ಪರಿಚಿತ. ಅಡುಗೆಮನೆಯಿಂದ ಸಾಂಬಾರಿನ ಪರಿಮಳ ಬರುತ್ತಿರುವಾಗ ವ್ಯಾಕರಣ ಬೋಧಿಸುವುದು ಯಾರ ಬಲದಲ್ಲೂ ಇಲ್ಲ. ಆ ಹೊತ್ತಿಗೆ ಬರೆಯುವ, ಬಿಡಿಸುವ, ಅಳೆಯುವ ಕೆಲಸ ಇಟ್ಟುಕೊಳ್ಳಿ. ಕೈ ತೊಳೆಯುವ ನಳ್ಳಿಗಳ ಬಳಿಯ ನೂಕಾಟಕ್ಕೆ ಇಡೀ ತರಗತಿಯನ್ನು ಒಟ್ಟಿಗೆ ಬಿಡುವುದೇ ಕಾರಣ. ಬೆಂಚು ಬೆಂಚಾಗಿ ಬಿಟ್ಟರೆ ಎರಡು ನಿಮಿಷ ಹೆಚ್ಚು ತಗಲುತ್ತದೆ, ಅಷ್ಟೆ. ಶುಕ್ರವಾರಗಳಲ್ಲಿ ಜುಮಾ ನಮಾಜಿನ ಸಲುವಾಗಿ ಕೇರಳದ ಶಾಲೆಗಳಲ್ಲಿ ಮಧ್ಯಾಹ್ನದ ಬಿಡುವು ಉದ್ದ. ಮಸೀದಿಗೆ ಹೋಗಿ ಬರುವ ಮಕ್ಕಳು ಒಂದೆಡೆ, ಶಾಲೆಯಲ್ಲೇ ಉಳಿದವರು ಇನ್ನೊಂದೆಡೆ. ಉಳಿದವರಿಗೆ ಆಟವೋ ಗ್ರಂಥಾಲಯವೋ ಒಂದು ನೆಲೆ, ಒಬ್ಬ ಅಧ್ಯಾಪಕರ ಕಣ್ಣು ಇಲ್ಲವಾದರೆ ಮಧ್ಯಾಹ್ನದ ಮೊದಲ ಪಿರಿಯಡು ಪೂರ್ತಿ ದೂರುಗಳ ವಿಚಾರಣೆಗೇ ಮೀಸಲಾಗುತ್ತದೆ. ಆ ಪಿರಿಯಡನ್ನು ಕಥೆ ಓದುವುದರಿಂದ ತೊಡಗಿಸುವ ಕ್ರಮ ನನಗೆ ಬಹಳ ಹಿಡಿಸಿದೆ: ಓಡಾಡಿ ಬಂದವರ ಉಸಿರು ಐದು ನಿಮಿಷದಲ್ಲಿ ಹದಕ್ಕೆ ಬರುತ್ತದೆ.

ಐದನೆಯ ಹೆಜ್ಜೆ: ಸರಿ ಮಾಡಿದ್ದನ್ನು ಹೆಸರಿಟ್ಟು ಹೇಳಿ

ಒಳ್ಳೆಯ ನಡತೆ ಸದ್ದು ಮಾಡುವುದಿಲ್ಲ, ಆದ್ದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ. ನಲವತ್ತರಲ್ಲಿ ಮೂವತ್ತಾರು ಮಕ್ಕಳು ಬರೆಯುತ್ತಿರುವಾಗ ನಾವು ಆಡುವ ಮಾತೆಲ್ಲ ಉಳಿದ ನಾಲ್ವರಿಗೇ ಮೀಸಲಾಗುತ್ತದೆ. ಗಮನ ಬೇಕಾದರೆ ತಂಟೆ ಮಾಡಬೇಕು ಎಂಬ ಲೆಕ್ಕ ಮಕ್ಕಳಿಗೆ ಬೇಗ ತಿಳಿಯುತ್ತದೆ. ಇದನ್ನು ತಿರುವುಮುರುವು ಮಾಡಬೇಕಾದರೆ ಮೆಚ್ಚುಗೆಯನ್ನು ಬಿಡಿಸಿ ಹೇಳಬೇಕು. "ವೆರಿ ಗುಡ್" ಎಂಬುದು ದಿನಕ್ಕೆ ನೂರು ಸಲ ಉದುರುವ ಮಾತು. "ಹಿಂದಿನ ಬೆಂಚಿನವರು ಪುಸ್ತಕ ತೆರೆದು ತಾವಾಗಿಯೇ ಶುರುಮಾಡಿದ್ದಾರೆ" ಎಂದು ಹೇಳಿದರೆ, ಪುಸ್ತಕ ತೆರೆಯದ ಮುಂದಿನ ಬೆಂಚಿನವರ ಕೈಯೂ ಚೀಲಕ್ಕೆ ಹೋಗುತ್ತದೆ, ಯಾರನ್ನೂ ಗದರಿಸಿದ್ದಾಗಿಲ್ಲ. ಮಗುವಿನ ಪ್ರಯತ್ನವನ್ನು ಹೊಗಳಿ, ಬುದ್ಧಿಯನ್ನಲ್ಲ; ಇನ್ನೊಬ್ಬರಿಗೆ ಹೋಲಿಸಿ ಹೊಗಳಲೇಬೇಡಿ. ಹೈಸ್ಕೂಲಿನ ಹುಡುಗರಿಗೆ ಎಲ್ಲರೆದುರಿನ ಹೊಗಳಿಕೆ ಮುಜುಗರ ತರುತ್ತದೆ, ಅವರಿಗೆ ಜಗಲಿಯಲ್ಲಿ ಎದುರಾದಾಗ ಒಂದು ಮಾತು, ಇಲ್ಲವೇ ಪುಸ್ತಕದಂಚಿನಲ್ಲಿ ಒಂದು ಸಾಲು ಸಾಕು.

ಬಹುಮಾನಗಳ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿಸಿಕೊಂಡ ಪುಟ್ಟ ಮಕ್ಕಳು, ಅಂಥ ಮಾತಿಲ್ಲದೆ ಬಿಡಿಸಿದ ಮಕ್ಕಳು ಕೊಟ್ಟ ಹೊತ್ತಿನ ಅರ್ಧದಷ್ಟನ್ನು ಮಾತ್ರ ಮುಂದೆ ಚಿತ್ರಕ್ಕೆ ಕೊಟ್ಟರು. ಮೊದಲೇ ಇಷ್ಟವಿದ್ದ ಕೆಲಸಕ್ಕೆ ಬೆಲೆ ಕಟ್ಟಿದರೆ ಇಷ್ಟ ತಗ್ಗುತ್ತದೆ. ಹಾಗಾಗಿ ಮಿಠಾಯಿ, ಸ್ಟಿಕ್ಕರು, ಪೆನ್ನುಗಳನ್ನು ದಿನನಿತ್ಯದ ನಡತೆಗೆ ಬಳಸದಿರುವುದು ಲೇಸು. ಮಕ್ಕಳು ನಿಜವಾಗಿ ಬಯಸುವುದು ಜವಾಬ್ದಾರಿಯನ್ನು. ಬೋರ್ಡಿನ ಮೇಲೆ ದಿನಾಂಕ ಬರೆಯುವುದು, ಅಸೆಂಬ್ಲಿಯಲ್ಲಿ ಪತ್ರಿಕೆಯ ಸುದ್ದಿ ಓದುವುದು, ತರಕಾರಿ ತೋಟದ ಬದನೆ ಗಿಡಗಳಿಗೆ ನೀರುಣಿಸುವುದು, ಕಲೋತ್ಸವದ ಯಕ್ಷಗಾನ ತಂಡಕ್ಕೆ ವೇಷದ ಪೆಟ್ಟಿಗೆ ನೋಡಿಕೊಳ್ಳುವುದು ಮುಂತಾದ ಕೆಲಸಗಳನ್ನು ಸರದಿಯ ಪ್ರಕಾರ ಎಲ್ಲರಿಗೂ ಹಂಚಿ. ಕ್ಲಾಸ್ ಲೀಡರಿಗೆ ಮಾತ್ರ ಒಂದು ಕೆಲಸವನ್ನು ಕೊಡಬೇಡಿ: ಅಧ್ಯಾಪಕರಿಲ್ಲದಾಗ ಮಾತನಾಡಿದವರ ಹೆಸರು ಬರೆಯುವುದು. ಆ ಪಟ್ಟಿಯಲ್ಲಿ ಲೀಡರಿನ ಗೆಳೆಯರ ಹೆಸರು ಎಂದೂ ಇರುವುದಿಲ್ಲ.

ಆರನೆಯ ಹೆಜ್ಜೆ: ತಪ್ಪು ನಡೆದಾಗ ಚಿಕ್ಕ ಉಪಾಯದಿಂದ ತೊಡಗಿ

ಇಷ್ಟೆಲ್ಲ ಮಾಡಿದರೂ ಮಕ್ಕಳು ಮಕ್ಕಳೇ. ಪಾಠದ ನಡುವೆ ಇಬ್ಬರು ಪಿಸುಗುಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಪಾಠ ನಿಲ್ಲಿಸದೆ ಅವರತ್ತ ಒಮ್ಮೆ ನೋಡಿ. ನಿಲ್ಲದಿದ್ದರೆ ಪಾಠ ಹೇಳುತ್ತಲೇ ನಡೆದು ಹೋಗಿ ಅವರ ಬೆಂಚಿನ ಪಕ್ಕದಲ್ಲಿ ನಿಲ್ಲಿ. ಹೆಚ್ಚಿನ ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ, ಉಳಿದ ಮಕ್ಕಳಿಗೆ ಏನಾಯಿತೆಂದೂ ತಿಳಿದಿರುವುದಿಲ್ಲ. ಮುಗಿಯದಿದ್ದರೆ ತುಸು ಬಗ್ಗಿ, ಅವರಿಗೆ ಮಾತ್ರ ಕೇಳುವಂತೆ, "ಮೂರನೆಯ ಲೆಕ್ಕ ಎಲ್ಲಿಗೆ ಬಂತು ಮಗಾ? ಈ ಸಾಲಿನಿಂದ ಮುಂದುವರಿಸು, ನಾನು ಎರಡು ನಿಮಿಷ ಬಿಟ್ಟು ಬಂದು ನೋಡುತ್ತೇನೆ" ಎಂದು ಹೇಳಿ ಅಲ್ಲಿಂದ ಸರಿಯಿರಿ. ಸರಿಯುವುದು ಮುಖ್ಯ, ಎದುರು ನಿಂತು ಕಾಯುತ್ತಿದ್ದರೆ ಮಗುವಿಗೆ ಮಣಿಯಲು ಮುಖ ಬರುವುದಿಲ್ಲ. ಎರಡು ನಿಮಿಷ ಬಿಟ್ಟು ಮರಳಿ ಹೋಗುವುದೂ ಅಷ್ಟೇ ಮುಖ್ಯ.

ಮತ್ತೂ ಮುಂದುವರಿದರೆ ಆಯ್ಕೆ ಕೊಡಿ: ಇಲ್ಲಿ ಕುಳಿತು ಬರೆಯುವುದೋ, ಮುಂದಿನ ಖಾಲಿ ಬೆಂಚಿನಲ್ಲಿ ಬರೆಯುವುದೋ. ಪರಿಣಾಮವು ತಪ್ಪಿಗೆ ಸಂಬಂಧಪಟ್ಟದ್ದಾಗಿರಲಿ. ನೀರು ಚೆಲ್ಲಿದವನು ಒರೆಸಲಿ, ಡೆಸ್ಕಿನ ಮೇಲೆ ಗೀಚಿದವಳು ಉಜ್ಜಿ ತೆಗೆಯಲಿ, ಕಳೆದ ಹೊತ್ತಿನ ಕೆಲಸವನ್ನು ಬಿಡುವಿನಲ್ಲಿ ಐದು ನಿಮಿಷ ಕುಳಿತು ಮುಗಿಸಲಿ. ನೂರು ಸಲ ತಪ್ಪೊಪ್ಪಿಗೆ ಬರೆಸುವುದರಿಂದ ಅಕ್ಷರದ ಮೇಲೆಯೇ ಜಿಗುಪ್ಸೆ ಹುಟ್ಟುತ್ತದೆ. ಆಟದ ಪಿರಿಯಡನ್ನು ಕಸಿದುಕೊಳ್ಳುವುದು ಇನ್ನೂ ಕೆಟ್ಟದ್ದು, ಏಕೆಂದರೆ ಓಡಾಟ ಎಲ್ಲರಿಗಿಂತ ಹೆಚ್ಚು ಬೇಕಾಗಿರುವ ಮಗುವಿಗೇ ಅದು ತಪ್ಪುತ್ತದೆ. ಯಾರು ಮಾಡಿದ್ದೆಂದು ತಿಳಿಯದಾಗ ಇಡೀ ತರಗತಿಯನ್ನು ಶಿಕ್ಷಿಸಬೇಡಿ. ನಿರಪರಾಧಿಗಳಾದ ಮೂವತ್ತು ಮಕ್ಕಳ ವಿಶ್ವಾಸವನ್ನು ಒಂದೇ ಗಂಟೆಯಲ್ಲಿ ಕಳೆದುಕೊಳ್ಳಲು ಅದಕ್ಕಿಂತ ಸುಲಭದ ದಾರಿಯಿಲ್ಲ.

ಜಗಳವಾಡಿದ ಇಬ್ಬರನ್ನು ಕೂಡಲೇ ವಿಚಾರಿಸುವುದರಲ್ಲಿ ಅರ್ಥವಿಲ್ಲ. ಬೇರೆ ಬೇರೆ ಕಡೆ ಕುಳ್ಳಿರಿಸಿ, ನೀರು ಕುಡಿಸಿ, ಸಿಟ್ಟು ಇಳಿದ ಮೇಲೆ ಒಬ್ಬೊಬ್ಬರಾಗಿ ಕೇಳಿ. ಏನಾಯಿತು, ಯಾರಿಗೆ ನೋವಾಯಿತು, ಈಗ ಅದನ್ನು ಸರಿಪಡಿಸಲು ಏನು ಮಾಡುವೆ ಎಂಬ ಮೂರು ಪ್ರಶ್ನೆಗಳು ಸಾಕು. ಏಕೆ ಮಾಡಿದೆ ಎಂದು ಕೇಳಿದರೆ ಮಕ್ಕಳು ನೆಲ ನೋಡುತ್ತಾರೆ, ಅಥವಾ ಎದುರಿನವನತ್ತ ಬೆರಳು ತೋರಿಸುತ್ತಾರೆ. ಅವರ ಅತ್ಯಂತ ಆವೇಶದ ಮಾತು ಮನೆಮಾತಿನಲ್ಲೇ ಬರುತ್ತದೆ, ಅದನ್ನು ಬಲ್ಲ ಸಹೋದ್ಯೋಗಿಯೊಬ್ಬರು ಬಳಿಯಲ್ಲಿದ್ದರೆ ಅನುಕೂಲ. ಒಂದು ಭಾಷೆ ಅಥವಾ ಒಂದು ಸಮುದಾಯದ ಹೆಸರೆತ್ತಿ ಬೈದ ಪ್ರಕರಣವಾದರೆ ಮಾತ್ರ ಅದನ್ನು ಹಗುರವಾಗಿ ಬಿಡದೆ ಮುಖ್ಯೋಪಾಧ್ಯಾಯರ ಗಮನಕ್ಕೆ ಆ ದಿನವೇ ತರಬೇಕು.

ಏಳನೆಯ ಹೆಜ್ಜೆ: ಮತ್ತೆ ಮತ್ತೆ ಅದೇ ಮಗು ಎಂದಾದರೆ ಬರೆದಿಡಿ

ಒಂದೇ ಮಗುವಿನ ಹೆಸರು ವಾರವಿಡೀ ಬಾಯಲ್ಲಿ ಬರುತ್ತಿದ್ದರೆ ಗದರಿಕೆಯ ಪ್ರಮಾಣವನ್ನು ಏರಿಸುವ ಬದಲು ಒಂದು ನೋಟು ಪುಸ್ತಕ ತೆಗೆಯಿರಿ. ಯಾವ ದಿನ, ಯಾವ ಪಿರಿಯಡು, ಅದಕ್ಕೆ ಮೊದಲು ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ದೊರೆಯಿತು ಎಂಬುದನ್ನು ಎರಡೆರಡು ಸಾಲಿನಲ್ಲಿ ಬರೆದಿಡಿ. ಎರಡು ವಾರದ ಬರಹವನ್ನು ಒಟ್ಟಿಗೆ ಓದಿದರೆ ಜಾಡು ಸಿಗುತ್ತದೆ. ಗಟ್ಟಿಯಾಗಿ ಓದಿಸುವ ಪಿರಿಯಡಿನಲ್ಲೇ ತಂಟೆ ಮಾಡಿ ಹೊರಗೆ ಹೋಗುವ ಮಗುವಿಗೆ ಓದಲು ಬರುತ್ತಿಲ್ಲ. ಹೊರಗೆ ಕಳುಹಿಸುವ ಶಿಕ್ಷೆ ಅದಕ್ಕೆ ಬೇಕಾಗಿದ್ದ ಬಿಡುಗಡೆಯೇ ಆಗಿದೆ. ತಂಟೆಯ ಚಿಕಿತ್ಸೆ ಇಲ್ಲಿ ಓದು ಕಲಿಸುವುದು. ಸೋಮವಾರವಷ್ಟೇ ತೂಕಡಿಸಿ ಸಿಡುಕುವ ಮಗು ವಾರಾಂತ್ಯದಲ್ಲಿ ಭೂತಕೋಲವನ್ನೋ ಯಕ್ಷಗಾನದ ಆಟವನ್ನೋ ಉರೂಸನ್ನೋ ಬೆಳಗಿನ ತನಕ ನೋಡಿರಬಹುದು. ಅದಕ್ಕೆ ಒಂದು ಪಿರಿಯಡಿನ ನಿದ್ದೆಯೇ ಮದ್ದು. ನವೆಂಬರಿನಿಂದ ಮೇ ತಿಂಗಳವರೆಗೆ ಇಂಥ ದಿನಗಳು ನಮ್ಮ ಊರುಗಳಲ್ಲಿ ಬಂದೇ ಬರುತ್ತವೆ.

ಕಣ್ಣು, ಕಿವಿಗಳ ಪರೀಕ್ಷೆಯಾಗದೆ ಯಾವ ಮಗುವನ್ನೂ ಹಠಮಾರಿಯೆಂದು ತೀರ್ಮಾನಿಸಬೇಡಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಪಂಚಾಯತುಗಳಲ್ಲಿ, ಗೇರು ತೋಟಗಳಿಗೆ 2000ದವರೆಗೂ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ನೆರಳನ್ನು ಕಂಡ ಮನೆಗಳಿವೆ. ಮಗುವಿನ ನಿಧಾನದ ಹಿಂದೆ, ಚಡಪಡಿಕೆಯ ಹಿಂದೆ ದೇಹದ ಕಾರಣವಿರಬಹುದೆಂಬ ಎಚ್ಚರ ಇಲ್ಲಿನ ಅಧ್ಯಾಪಕರಿಗೆ ಬೇರೆಡೆಯವರಿಗಿಂತ ಹೆಚ್ಚು ಇರಬೇಕು. ಸಂಶಯವಿದ್ದರೆ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಅಧ್ಯಾಪಕರನ್ನು ಕರೆಸಿ. ಹೈಸ್ಕೂಲುಗಳಲ್ಲಿ ಕೌನ್ಸಿಲರ್ ಇದ್ದರೆ ಅವರ ನೆರವು ಪಡೆಯಿರಿ. ಒಮ್ಮೆಲೇ ಮಾತು ನಿಲ್ಲಿಸಿದ, ಮನೆಗೆ ಹೋಗಲು ಹೆದರುವ, ಮೈಮೇಲೆ ಗಾಯದ ಗುರುತಿರುವ ಮಗುವಿನ ವಿಷಯವಾದರೆ ಅದು ತರಗತಿಯ ಶಿಸ್ತಿನ ಪ್ರಶ್ನೆಯಲ್ಲ. ಮುಖ್ಯೋಪಾಧ್ಯಾಯರ ಮೂಲಕ, ಅಗತ್ಯವಾದರೆ ನೇರವಾಗಿ 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ತಿಳಿಸಬೇಕು. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ವಿಷಯ ತಿಳಿಸುವುದು ಕಡ್ಡಾಯ.

ಎಂಟನೆಯ ಹೆಜ್ಜೆ: ರಕ್ಷಕರಿಗೆ ಮೊದಲ ಫೋನು ಒಳ್ಳೆಯ ಸುದ್ದಿಯದಾಗಿರಲಿ

ಶಾಲೆಯಿಂದ ಫೋನು ಬಂತೆಂದರೆ ದೂರೇ ಇರಬೇಕೆಂದು ಮನೆಯವರು ಎಣಿಸುವುದು ರೂಢಿ. ಜೂನ್ ತಿಂಗಳಲ್ಲೇ ಪ್ರತಿ ಮನೆಗೂ ಒಂದು ಕರೆ ಮಾಡಿ, ಮಗು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಿಬಿಡಿ; ಮುಂದೆ ತೊಡಕು ಬಂದಾಗ ಅವರು ನಿಮ್ಮ ಮಾತಿಗೆ ಕಿವಿಗೊಡುತ್ತಾರೆ. ಹಲವು ಮನೆಗಳಲ್ಲಿ ತಂದೆ ಗಲ್ಫಿನಲ್ಲಿದ್ದು ತಾಯಿಯೋ ಅಜ್ಜಿಯೋ ಮಗುವನ್ನು ನೋಡಿಕೊಳ್ಳುತ್ತಾರೆ. ಅಂಥಲ್ಲಿ "ಮನೆಯಲ್ಲಿ ಹೇಳಿ ಸರಿಪಡಿಸಿ" ಎಂಬ ಮಾತು ಅವರ ಹೊರೆಯನ್ನು ಹೆಚ್ಚಿಸುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮೊಬೈಲು ತೆಗೆದಿಡುವುದು, ಬೆಳಗ್ಗೆ ಚೀಲ ತುಂಬಿಸುವುದನ್ನು ನೋಡುವುದು ಎಂಬಂಥ ಮಾಡಬಲ್ಲ ಒಂದೇ ಒಂದು ಕೆಲಸವನ್ನು ಕೇಳಿಕೊಳ್ಳಿ. ಮಗುವಿನ ತಪ್ಪನ್ನು ಪಿ.ಟಿ.ಎ. (ರಕ್ಷಕ-ಶಿಕ್ಷಕ ಸಂಘ) ಸಭೆಯಲ್ಲಾಗಲಿ ತರಗತಿಯ ವಾಟ್ಸಾಪ್ ಗುಂಪಿನಲ್ಲಾಗಲಿ ಎತ್ತಬಾರದು. ಕಾಗದದ ಕನ್ನಡ ಓದಲು ಬಾರದ ತಾಯಂದಿರಿಗೆ ಪತ್ರ ಕಳುಹಿಸುವುದಕ್ಕಿಂತ ಅವರ ಮಾತಿನಲ್ಲಿ ಒಂದು ಧ್ವನಿಸಂದೇಶ ಕಳುಹಿಸುವುದು ಮೇಲು.

ಸಹೋದ್ಯೋಗಿಗಳ ನಡುವಿನ ಒಮ್ಮತವನ್ನೂ ಮರೆಯುವಂತಿಲ್ಲ. ಒಬ್ಬರ ಪಿರಿಯಡಿನಲ್ಲಿ ಕೈ ಎತ್ತಬೇಕು, ಇನ್ನೊಬ್ಬರಲ್ಲಿ ಕೂಗಿ ಹೇಳಬಹುದು ಎಂದಾದರೆ ಮಕ್ಕಳು ಗೊಂದಲಕ್ಕೀಡಾಗುತ್ತಾರೆ. ಎಸ್.ಆರ್.ಜಿ. (ಶಾಲೆಯ ಅಧ್ಯಾಪಕರ ಸಂಪನ್ಮೂಲ ಗುಂಪು) ಸಭೆಯಲ್ಲಿ ಒಂದೆರಡು ರೂಢಿಗಳನ್ನಾದರೂ ಇಡೀ ಶಾಲೆಗೆ ಸಮಾನವೆಂದು ನಿಶ್ಚಯಿಸಿಕೊಳ್ಳಿ. ಓಣಂ ಮತ್ತು ಕ್ರಿಸ್ಮಸ್ ರಜೆಗಳ ಬಳಿಕ ರೂಢಿಗಳು ಸಡಿಲವಾಗಿರುತ್ತವೆ. ಮರಳಿದ ಮೊದಲ ಎರಡು ದಿನ ಅವನ್ನು ಮತ್ತೆ ಅಭ್ಯಾಸ ಮಾಡಿಸಬೇಕು, "ಎಲ್ಲ ಮರೆತುಬಿಟ್ಟಿರಾ" ಎಂದು ರೇಗುವುದರಿಂದ ಏನೂ ನೆನಪಾಗುವುದಿಲ್ಲ.

ಮಾರ್ಚಿನಲ್ಲಿ ತರಗತಿಯನ್ನು ಮುಂದಿನ ಅಧ್ಯಾಪಕರಿಗೆ ಒಪ್ಪಿಸುವಾಗ ಪ್ರತಿ ಮಗುವಿಗೂ ಎರಡು ಸಾಲು ಬರೆದುಕೊಡಿ: ಈ ಮಗುವಿಗೆ ಯಾವ ಉಪಾಯ ಫಲಿಸಿತು, ಯಾವುದು ಫಲಿಸಲಿಲ್ಲ. ಮುಂದಿನ ಬೆಂಚಿನಲ್ಲಿ ಕುಳಿತರೆ ಬರೆಯುತ್ತಾನೆ, ಎಲ್ಲರೆದುರು ಹೆಸರು ಕರೆದರೆ ಮುನಿಯುತ್ತಾಳೆ, ಸೂಚನೆಯನ್ನು ತುಳುವಿನಲ್ಲಿ ಒಮ್ಮೆ ಹೇಳಿದರೆ ಸಾಕು ಎಂಬಂಥ ಟಿಪ್ಪಣಿಗಳು ಜೂನ್ ತಿಂಗಳಿನಲ್ಲಿ ಹೊಸಬರಿಗೆ ಒಂದು ತಿಂಗಳ ಶ್ರಮವನ್ನು ಉಳಿಸುತ್ತವೆ.